ಗೌಡ ಆರಿಸಿಕೊಂಡ ಟೊಂಗಿ

ನರೇಗಲ್ಲಿನ ನನ್ನ ಗೆಳೆಯ ಪ್ರಭುಲಿಂಗಪ್ಪಗ,

ಗಜೇಂದ್ರಗಡದಿಂದ ಕಾಶೀಂಸಾಬನ ಸಲಾಂ. ಕಣ್ಣಿನ ಆಪರೇಶನ್ ಆದ ಮ್ಯಾಲೆ ಕೊಟ್ಟ ಕನ್ನಡಕ ಹಾಕ್ಕೊಂಡು, ಕುಂತು ಓದು. ನಡಕ ಎದ್ದು ನನಗ ಫೋನ್ ಹಚ್ಚಬ್ಯಾಡ. ಫೋನಿನಾಗ ಹೇಳೂ ಹಂಗಿದ್ರ ಎಂಟು ತಿಂಗಳ ಹಿಂದನ ಹೇಳತಿದ್ನಿ. ಹೇಳಬೇಕಂತ ಬಾಯಿ ತಗದಾಗೊಮ್ಮೆ ಮಳಿ ಬೆಳಿ ಮಾತಾಡಿ ಫೋನ್ ಇಟ್ಟುಬಿಡತೀನಿ. "ಬಾಯಿಲೆ ಆಗಲಿಲ್ಲಂದ್ರ ಬರದರ ಕಳಸ್ರಿ, ಹಿಂಗ ಒಳಗೊಳಗ ಕುದ್ದು ನನ್ನ ಮ್ಯಾಲೆ ಸಿಟ್ಟ ತೀರಿಸ್ಕೊಬ್ಯಾಡ್ರಿ" ಅಂತ ನಮ್ಮ ಮುಮತಾಜಬಿ ಈ ನೋಟಬುಕ್ಕು ತಂದು ತೊಡಿ ಮ್ಯಾಲೆ ಒಗದಾಳ. ರೋಣದ ಸಾಲ್ಯಾಗ ನಿನ್ನ ಪಾಟಿ ನೋಡಿ ಬರದ ಮನಿಶಾ ನಾನು. ತಪ್ಪು ಕಂಡ್ರ ಅವು ನಿನ್ನವ ಅಂತ ತಿಳ್ಕೊ.

ಹೋದ ಐತವಾರ ಗುರುಸಂಗಪ್ಪನ ಹೊಸಾ ಮನಿ ಊಟಕ್ಕ ನಿಮ್ಮೂರಿಗೆ ಬಂದಿದ್ನೆಲ್ಲ, ಊಟಾ ಆದ ಮ್ಯಾಲೆ ನಿನ್ನ ಪಡಸಾಲ್ಯಾಗ ಕುಂತಿದ್ವಿ. ನಿನ್ನ ಗಿಣಿಗಂತ ನಾ ಮಾಡಿಕೊಟ್ಟ ಆಟದ ಸ್ಟ್ಯಾಂಡು ಕಿಡಕಿ ಬಾಜೂಕ ಹಂಗ ನಿಂತಿತ್ತು. ಮ್ಯಾಲಿನ ಕೋಲಿಗೆ ನಿನ್ನ ಟಾವೆಲ್ಲು, ಕೆಳಗಿನದಕ್ಕ ಛತ್ರಿ. ಬಂದ ಬೀಗರ ಮುಂದ ನೀ ಅದರ ಮ್ಯಾಲೆ ಕೈ ಆಡಿಸಿ, "ನಮ್ಮ ಕಾಶ್ಯಾ ಮಾಡಿದ್ದು. ಮುಟ್ಟಿ ನೋಡ್ರಿ, ಬೆಣ್ಣಿ ಐತಿ ಬೆಣ್ಣಿ. ನಮ್ಮ ಗಿಣಿ ನಶೀಬದಾಗ ಭಾಳ ದಿವಸ ಇರಲಿಲ್ಲ" ಅಂದಿ. ನಿನ್ನ ಸೊಸಿ ಕೊಟ್ಟ ಚಾ ಅರ್ಧಾಕ್ಕ ಬಿಟ್ಟು, ಬಸ್ಸಿಗೆ ಹೊತ್ತಾತಂತ ಎದ್ದು ಬಂದ್ನಿ. ಬಸ್ಸಿಗೆ ಇನ್ನೂ ಮುಕ್ಕಾಲು ತಾಸಿತ್ತು.

ಆ ಬೆಣ್ಣಿನ ನಿನ್ನ ಗಿಣಿನ್ನ ಕೊಂದದ್ದು, ಪ್ರಭ್ಯಾ. ಇನ್ನೊಂದು ಐತಿ, ಅದು ಇದಕ್ಕಿಂತ ಕೆಟ್ಟದ್ದು. ಎರಡೂ ಹೇಳತೀನಿ.

ಮೊದಲಿಂದ ಬರೀತೀನಿ, ನನಗ ನಡಕಿಂದ ಬರಿಯಾಕ ಬರಂಗಿಲ್ಲ. ನಿನ್ನ ಕೈ ಹಿಡದ ನಮ್ಮ ಶೇಖವ್ವ ವೈನಿ ನರಗುಂದದ ತವರಮನಿಗೆ ಹೋದಾಗ ಬಿರುಗಾಳಿಗೆ ಬೇವಿನ ಗಿಡದಿಂದ ಬಿದ್ದ ಮರಿ ಅದು. ಒಂದು ರೆಕ್ಕಿ ಮುರದಿತ್ತು. ವೈನಿ ಸೆರಗಿನಾಗ ಸುತಗೊಂಡು ಬಸ್ಸಿನಾಗ ತಂದ್ರು. ಅದಕ್ಕ ಹಾರಾಕ ಬರಲಿಲ್ಲ, ನಡಿಯಾಕ ಕಲೀತು. ಎದಿ ಮುಂದ ಮಾಡಿ ಪಡಸಾಲಿ ತುಂಬ ತಿರಗೂದು ನೋಡಿ ನಾನ ಗೌಡ ಅಂತ ಹೆಸರಿಟ್ಟಿದ್ನಿ. ಹನ್ನೊಂದು ವರ್ಷ ವೈನಿ ದನಿ ಕೇಳಿ ಕೇಳಿ ಅವರಂಗ ಮಾತಾಡತಿತ್ತು. ನಾ ಬಾಗಲದಾಗ ಚಪ್ಪಲಿ ಬಿಡೂದರಾಗ "ಕಾಶೀಮಣ್ಣ ಬಂದ್ರು, ಚಾ ಇಡಬೇಕು" ಅಂತಿತ್ತು. ವೈನಿ ಕರದ್ರಂತ ತಿಳದು ನೀ ಎಷ್ಟ ಸಲ ಸುಳ್ಳ ಸುಳ್ಳ ಅಡಗಿಮನಿಗೆ ಎದ್ದು ಹೋಗಿದ್ದಿ, ನಾವು ಎಷ್ಟ ಸಲ ನಕ್ಕಿದ್ವಿ.

ಹೋದ ವರ್ಷದ ಹಿಂದಿನ ಶ್ರಾವಣದಾಗ ವೈನಿ ಹೋದ್ರು. ಅವರನ್ನ ಮಣ್ಣ ಮಾಡಿ ಬಂದ ದಿನದಿಂದ ಗೌಡ ಬಾಯಿ ಮುಚ್ಚಿತು. ತಿಂಗಳಾತು, ಆರು ತಿಂಗಳಾತು. ಆಮ್ಯಾಲೆ ತನ್ನ ಪುಕ್ಕಾ ತಾನ ಕಿತಗೊಳ್ಳಾಕ ಹತ್ತಿತು. ನೀ ಯಾರ ಮುಂದೂ ಅಳಲಾರದ ಮನಿಶಾ, ಅವತ್ತ ನನ್ನ ಕಟಿಗಿ ಕೆಲಸದ ಅಂಗಡ್ಯಾಗ ಸ್ಟೂಲಿನ ಮ್ಯಾಲೆ ಕುಂತು ಕಣ್ಣ ಒರಸ್ಕೊಂಡಿ. "ಫೋಟೋ ಅದಾವು, ಸೀರಿ ಅದಾವು, ಆಕಿ ದನಿ ಎಲ್ಲೂ ಇಲ್ಲೋ ಕಾಶ್ಯಾ. ಫೋನಿನಾಗ ಸುದ್ದಾ ಇಲ್ಲ. ಇದೊಂದರ ಹೊಟ್ಯಾಗ ಐತಿ. ಒಂದ ಸಲ ಕೇಳಿದ್ರ ಸಾಕು" ಅಂದಿ.

ರೋಣದ ದನದ ದವಾಖಾನಿ ಡಾಕ್ಟರು ಮೊದಲ ನಿನ್ನ ಬೈದ್ರಂತ, ಇಂಥಾ ಹಕ್ಕಿ ಮನ್ಯಾಗ ಇಟಗೊಳ್ಳೂ ಹಂಗಿಲ್ಲ, ಕಾಯ್ದೆ ಐತಿ ಅಂತ. ಮುರದ ರೆಕ್ಕಿ ನೋಡಿದ ಮ್ಯಾಲೆ ಮೆತ್ತಗಾಗಿ, ಇದಕ್ಕ ಬ್ಯಾಸರ ಆಗೇತಿ, ಹತ್ತಿ ಇಳಿಯಾಕ, ಕಡಿಯಾಕ, ಜೋತು ಬೀಳಾಕ ಏನರ ಮಾಡಿಕೊಡ್ರಿ ಅಂದ್ರಂತ. ನಿನ್ನ ಮೊಮ್ಮಗಳು ಪೂಜಾ ಹುಬ್ಬಳ್ಳಿಯಿಂದ ಫೋನಿಗೆ ಮೂರು ಚಿತ್ರಾ ಕಳಿಸಿದ್ಳು. ಪ್ಲೇ ಜಿಮ್ ಅಂತಾರಂತ ಅದಕ್ಕ. "ಗೌಡ ಜಿಮ್ಮಿಗೆ ಹೊಂಟೈತಿ, ನಾವಿಬ್ಬರೂ ಹೊಟ್ಟಿ ಬಿಟಗೊಂಡು ಕುಂತೀವಿ ನೋಡು" ಅಂತ ನಾ ಅಂದಾಗ, ವೈನಿ ಹೋದ ಮ್ಯಾಲೆ ಮೊದಲನೇ ಸಲ ನೀ ನಕ್ಕಿ.

ಒಂದು ಪ್ಲಾಸ್ಟಿಕ್ಕಿಂದು. ಅದನ್ನ ನೋಡಿ ಇಬ್ಬರೂ ಮುಖಾ ಸಿಂಡರಿಸಿದ್ವಿ. ಇನ್ನೊಂದು, ಹಲಗಿ ಮ್ಯಾಲೆ ನಿಲ್ಲಿಸಿದ ಸೊಟ್ಟ ಟೊಂಗಿ, ತೊಗಟಿ ಸುದ್ದಾ ತಗದಿದ್ದಿಲ್ಲ, ಅದಕ್ಕೊಂದೆರಡು ಹಗ್ಗ ಕಟ್ಟಿದ್ರು. ಮೂರನೇದು ಕಟಿಗೀದು. ಏಣಿ, ಜೋಕಾಲಿ, ಒಂದ ಅಳತಿಯ ದುಂಡನ ಕೋಲು. ಪೂಜಾ ಟೊಂಗೀದ ಚಲೋ ಅಂದಿದ್ಳು. ನೀನೂ ಅದರ ಮ್ಯಾಲೆ ಬಟ್ಟ ಇಟ್ಟಿ. ನಾ ನಿನ್ನ ಬಟ್ಟ ಹಿಡದು ಸರಿಸಿ ಮೂರನೇದರ ಮ್ಯಾಲೆ ಇಟ್ನಿ. "ಕಾಶೀಂಸಾಬನ ಅಂಗಡಿಯಿಂದ ಒಲಿ ಕಟಿಗಿ ಹೊಂಟಿತಂತ ಮಂದಿ ಅನ್ನಬೇಕೇನು?" ಅಂದ್ನಿ. "ನಿನಗ ತಿಳದಂಗ ಮಾಡಪಾ" ಅಂದಿ. ನೀ ಯಾವಾಗ್ಲೂ ಹಂಗ, ನನ್ನ ದನಿ ಏರಿತಂದ್ರ ನಿಂದು ಇಳೀತೈತಿ.

ನಮ್ಮ ಅಂಗಡಿ ಪದ್ಧತಿ ನಿನಗ ಗೊತ್ತು. ನಮ್ಮಪ್ಪ ತೊಟ್ಟಿಲದ ಕೋಲು ಕಟಿಗಿ ತಿರಗಿಸಿ ನುಣುಪ ಮಾಡೂ ಮಷೀನಿನಿಂದ ಇಳಿಸಿದ ಮ್ಯಾಲೆ ಅದರ ಮ್ಯಾಲೆ ಹಿಂಜಿದ ಹತ್ತಿ ಎಳೀತಿದ್ದ. ಒಂದ ಎಳಿ ಸಿಕ್ಕೊಂಡ್ರೂ ಆ ಕೋಲು ಮತ್ತ ಮಷೀನಿಗೆ. ಕೂಸಿನ ಮೈಗೆ ತಾಗೂದು, ಹತ್ತಿಗೂ ಹಿಡೀಬಾರದು ಅಂತಿದ್ದ. ನಲವತ್ತು ವರ್ಷದಾಗ ನಾ ಹತ್ತಿ ಎಳೀದ ಒಂದ ಲಟ್ಟಣಗಿ ಸುದ್ದಾ ಅಂಗಡಿ ಹೊರಗ ಬಿಟ್ಟಿಲ್ಲ. ನಿನ್ನ ಗಿಣಿ ಸಲುವಾಗಿ ಸಾಗವಾನಿ ತಗೊಂಡ್ನಿ, ಕೆಂಪು ಹಸರು ಅರಗಿನ ಬಣ್ಣಾ ಹತ್ತಿಸಿದ್ನಿ, ಒಂಬತ್ತೂ ಕೋಲಿಗೆ ಹತ್ತಿ ಎಳದ್ನಿ. ಒಂದ ಎಳಿ ನಿಲ್ಲಲಿಲ್ಲ. ಹತ್ತಿ ನಿಲ್ಲಲಾರದಲ್ಲಿ ಗಿಣಿ ಕಾಲು ಹ್ಯಾಂಗ ನಿಲ್ಲತೈತಿ ಅನ್ನೂದು ನನ್ನ ತಲಿಗೆ ಬರಲಿಲ್ಲ.

ಅದರ ನಡಕ ನಿನಗ ಹುಬ್ಬಳ್ಳ್ಯಾಗ ಕಣ್ಣಿನ ಆಪರೇಶನ್ ಬಂತು. ಐದು ದಿನ ಗೌಡನ್ನ ನನ್ನ ಅಂಗಡ್ಯಾಗ ಬಿಟ್ಟು ಹೋದಿ. ಶುಕ್ರವಾರ ಮಧ್ಯಾಹ್ನ ನಮಾಜ ಮುಗಿಸಿ ಬಂದು ಅಂಗಡಿ ತಗದ್ನಿ. ಕರೆಂಟ್ ಇರಲಿಲ್ಲ, ಮಷೀನ್ ಬಂದ್. ಗುಡ್ಡದ ಕಡಿಂದ ಬೀಸೂ ಗಾಳಿ ಬಿಟ್ರ ಏನೂ ಸಪ್ಪಳಿಲ್ಲ. ಪಂಜರದ ಬಾಗಲಾ ಹಾಕೂದು ನಾ ಮರತಿದ್ನಿ. ತಯಾರಾದ ಸ್ಟ್ಯಾಂಡು ಪಂಜರದ ಮಗ್ಗಲಕ್ಕ ಇತ್ತು. ಗೌಡ ಅದನ್ನ ದಾಟಿ, ಕಟಿಗಿ ಹೊಟ್ಟಿನ್ಯಾಗ ಹೆಜ್ಜಿ ಮೂಡಿಸ್ಕೋತ ಮೂಲಿಗೆ ಹೋಗಿ, ಬಾಗಲಾ ಬಡೀಬಾರದಂತ ಆನಿಸಾಕ ಇಟ್ಟಿದ್ದ ಪ್ಯಾರಲ ಹಣ್ಣಿನ ಗಿಡದ ಒಂದು ಸೊಟ್ಟ ಟೊಂಗಿ ಹತ್ತಿ ಕುಂತಿತ್ತು. ತೊಗಟಿ ಸೀಳಿ ಸೀಳಿ ಕೆಡವತಿತ್ತು, ತಲಿ ಕೆಳಗ ಮಾಡಿ ಜೋತು ಬೀಳತಿತ್ತು, ಮತ್ತ ಏರತಿತ್ತು. ನಾ ಹೊಸ್ತಲದಾಗ ನಿಂತು ನೋಡಿದ್ನಿ.

ಆಗ ಅದು ಮಾತಾಡಿತು, ಪ್ರಭ್ಯಾ. ಖರೇ ಖರೇ ವೈನಿ ದನಿ. ನಾ ಹಿಂದ ಹೊಳ್ಳಿ ಓಣಿ ನೋಡಿದ್ನಿ, ಅವರ ಬಂದು ನಿಂತಾರೇನೋ ಅಂತ. ಏನಂತು ಅನ್ನೂದನ್ನ ಕಡೀಕ ಬರೀತೀನಿ. ಈಗ ಬರದ್ರ ನೀ ಕನ್ನಡಕ ತಗದಿಟ್ಟು ಮುಂದಿಂದು ಓದಂಗಿಲ್ಲ. ನನ್ನ ತಪ್ಪು ಪೂರ್ತಿ ಓದು.

ಆ ಹೊತ್ತಿನ್ಯಾಗ ನಾ ಏನ ಮಾಡಬೇಕಿತ್ತು? ನಿನಗ ಫೋನ್ ಹಚ್ಚಿ ಹೇಳಬೇಕಿತ್ತು. ಆ ಟೊಂಗಿನ್ನ ಒಂದು ಹಲಗಿಗೆ ಮೊಳಿ ಹೊಡದು ನಿನ್ನ ಮನಿಗೆ ಕಳಸಬೇಕಿತ್ತು, ಅರ್ಧಾ ತಾಸಿನ ಕೆಲಸ. ಗಿಣಿ ತನ್ನ ಜಿಮ್ಮು ತಾನ ಆರಿಸ್ಕೊಂಡು ತೋರಿಸಿತ್ತು. ನಾ ಗೌಡನ್ನ ಹಿಡದು, ಟೊಂಗಿ ಬಿಡಿಸಿ, ನನ್ನ ಸ್ಟ್ಯಾಂಡಿನ ಮ್ಯಾಲೆ ಕುಂದರಿಸಿದ್ನಿ. ನಿನ್ನ ಮನ್ಯಾಗ ಅದು ನಾ ಮಾಡಿದ್ದರ ಮ್ಯಾಲೆ ಕುಂತು ಮಾತಾಡಲಿ, ನೀ ಮೊದಲನೇ ಬಸ್ಸಿಗೆ ಓಡಿ ಬಂದು ನನ್ನ ಅಪ್ಪಿಕೊಳ್ಳಲಿ ಅಂತ ಆಸೆ. ಅದಕ್ಕ ನಿನಗ ಹೇಳದ ಮುಚ್ಚಿಟ್ನಿ. ಗಿಣಿನ್ನ ಮಾತಾಡಿಸಿದ ಹೆಸರು ನನ್ನ ಕೈಕೆಲಸಕ್ಕ ಬರಬೇಕಿತ್ತು, ಸೊಟ್ಟ ಟೊಂಗಿಗಲ್ಲ. ಇದನ್ನ ಬರಿಯಾಕ ನಾಚಿಕಿ ಬರತೈತಿ.

ನಿನ್ನ ಪಡಸಾಲ್ಯಾಗ ಸ್ಟ್ಯಾಂಡು ಇಟ್ಟ ದಿನಾನ ಗೌಡ ಎರಡು ಸಲ ಜಾರಿತು. ಮುಮತಾಜಬಿ ನನ್ನ ಅಂಗಿ ಜಗ್ಗಿ, "ಅದರ ಕಾಲು ನಿಲ್ಲವಲ್ವು, ಕಾಣಂಗಿಲ್ಲೇನ್ರಿ" ಅಂದ್ಳು. "ನಿನಗೇನ ತಿಳೀತೈತಿ, ಸುಮ್ಮನಿರು" ಅಂದ್ನಿ. ನೀ ನನ್ನ ಮುಖಾ ನೋಡಿದಿ. "ರೂಢಿ ಆಗತೈತಿ" ಅಂದ್ನಿ. ಕಟಿಗಿ ಕೆಲಸದಾಂವಾ ಹೇಳ್ಯಾನಂತ ನೀ ನಂಬಿದಿ. ಆಮ್ಯಾಲೆ ಎರಡು ಸಲ ಫೋನಿನಾಗ, ಗೌಡ ಕೋಲು ಹತ್ತವಲ್ಲದು, ಕೆಳಗ ಮೂಲ್ಯಾಗ ಕುಂದರತೈತಿ ಅಂದಿ. ನೀನ ಎತ್ತಿ ಎತ್ತಿ ಕುಂದರಸು ಅಂತ ಹೇಳಿದಾಂವಾ ನಾನು. ನೀ ಹಂಗ ಮಾಡಿದಿ. ಹತ್ತೊಂಬತ್ತನೇ ದಿನ ಮ್ಯಾಲಿನ ಕೋಲಿನಿಂದ ಜಾರಿ, ಎದಿ ಬಡದು ಫರಸಿ ಮ್ಯಾಲೆ ಬಿತ್ತು. ರೆಕ್ಕಿ ನೆಟ್ಟಗಿದ್ದ ಹಕ್ಕಿ ಆಗಿದ್ರ ಬಿಚ್ಚಿ ಉಳಕೊಳ್ಳತಿತ್ತು. ನಾಕು ದಿನಕ್ಕ ಹೋತು. ವಯಸ್ಸಾಗಿತ್ತು ಅಂತ ನೀ ಎಲ್ಲಾರಿಗೂ ಹೇಳಿದಿ, ನಾ ಬಾಜೂಕ ನಿಂತು ಹೌದಂತ ಗೋಣ ಹಾಕಿದ್ನಿ.

ಹಿತ್ತಲದಾಗ ಕರಿಬೇವಿನ ಗಿಡದ ಬುಡಕ್ಕ ಕುಣಿ ತೋಡಿದ್ವಿ. ಮಣ್ಣ ಎಳೀಬೇಕಾದ್ರ ನೀ ಅಂದಿ, "ಆಕಿ ದನಿ ಅದಕ್ಕೂ ಮರತ ಹೋಗಿತ್ತೋ ಕಾಶ್ಯಾ. ಇನ್ನ ಕಾಯೂದು ಮುಗೀತು." ಆಗರ ನಾ ಬಾಯಿ ತಗೀಬೇಕಿತ್ತು. ಮರತಿದ್ದಿಲ್ಲ ಅಂತ ಒಂದ ಮಾತು. ಅಂದಿದ್ರ ನೀ, ಯಾವಾಗ ಕೇಳಿದಿ, ನನಗ್ಯಾಕ ಹೇಳಲಿಲ್ಲ ಅಂತ ಕೇಳತಿದ್ದಿ. ಅಲ್ಲಿಗೆ ನಮ್ಮ ಗೆಳೆತನ ಮುಗೀತೈತಿ ಅಂತ ಅಂಜಿದ್ನಿ. ಸಾಲಿ ತಪ್ಪಿಸಿ ಹೊಳೆಆಲೂರಿಗೆ ರೈಲು ನೋಡಾಕ ಹೋಗಿದ್ವಲ್ಲ, ನೀ ಒಬ್ಬಾವನ ಸಿಕ್ಕು ಮಾಸ್ತರ ಕಡೆ ಬಡಿಸ್ಕೊಂಡ್ರೂ ನನ್ನ ಹೆಸರು ಹೇಳಲಿಲ್ಲ. ಅಂಥಾ ನಿನ್ನ ಕಳಕೊಳ್ಳಾಕ ನನಗ ಧೈರ್ಯ ಸಾಲಲಿಲ್ಲ. ನಿನ್ನ ಹೆಂಡತಿ ದನಿ ಎಂಟು ತಿಂಗಳು ನನ್ನ ಹತ್ತರ ಇಟಗೊಂಡು, ನಿನ್ನ ಕಡೆ ಹೊಗಳಿಸ್ಕೊಂಡ್ನಿ.

ಈಗ ಹೇಳತೀನಿ. ಟೊಂಗಿ ಮ್ಯಾಲೆ ಕುಂತು, ಕುತಗಿ ಒಂದ ಕಡೆ ವಾಲಿಸಿ, ಗೌಡ ಅಂದದ್ದು ಇಷ್ಟು. "ಏನ್ರೀ, ಎಲ್ಲಿ ಕುಂತೀರಿ? ಬರ್ರಿ, ರೊಟ್ಟಿ ಆರತಾವ." ಬರ್ರಿ ಅನ್ನೂದನ್ನ ವೈನಿ ಎಳೀತಿದ್ರಲ್ಲ, ಒಂಚೂರು ಸಿಟ್ಟು, ಒಂಚೂರು ನಗಿ, ಹಂಗ. ಎರಡು ಸಲ ಅಂತು. ಮೂರನೇ ಸಲ ಬರೇ "ಏನ್ರೀ" ಅಂದು ಸುಮ್ಮನ ಬಾಗಲಾ ನೋಡಕೋತ ಕುಂತಿತು. ನನಗ ತಡಕೊಳ್ಳಾಕ ಆಗಲಿಲ್ಲ. "ಬರತಾನ ವೈನಿ, ಕಣ್ಣು ತೋರಿಸ್ಕೊಳ್ಳಾಕ ಹೋಗ್ಯಾನ" ಅಂದ್ನಿ. ಓ ಅನ್ನಬೇಕಾದಾಂವಾ ನೀನು. ನಿನ್ನ ಜಾಗಾದಾಗ ನಿಂತು ನಾ ಓ ಅಂದ್ನಿ, ಮತ್ತ ನಿನಗ ಹೇಳಲಿಲ್ಲ.

ಈ ಪತ್ರದ ಕೂಡ ಆ ಪ್ಯಾರಲ ಟೊಂಗಿನ್ನ ಹಳೇ ಧೋತರದಾಗ ಸುತ್ತಿ ಕಳಸೇನಿ. ಗೌಡ ಕಡದ ಗುರ್ತು ಹಂಗ ಅದಾವು. ನಾ ಪಾಲಿಶ್ ಪೇಪರ್ ತಾಗಿಸಿಲ್ಲ, ಹತ್ತಿ ಎಳದಿಲ್ಲ. ಆ ಸ್ಟ್ಯಾಂಡು ಒಡದು ಒಲಿಗೆ ಹಾಕು, ಜಳಕಕ್ಕ ನೀರರ ಕಾಯಲಿ. ಟಾವೆಲ್ಲಿಗೆ ಗ್ವಾಡಿಗೊಂದು ಮೊಳಿ ಹೊಡಕೊ.

ಮಾಫ ಮಾಡು ಅನ್ನಾಕ ನನಗ ಮುಖ ಇಲ್ಲ. ಬೈಯೂದಿದ್ರ ಅಂಗಡಿಗೆ ಬಂದು ಬೈ, ನಿನ್ನ ಸ್ಟೂಲು ಅಲ್ಲೇ ಐತಿ. ಬರದಿದ್ರ ಯಾಕಂತ ನಾ ಕೇಳಂಗಿಲ್ಲ. ಗೌಡ ವೈನಿನ್ನ ಮರತಿದ್ದಿಲ್ಲ. ಒಮ್ಮೆ ನನ್ನ ಮಾತು ನಂಬಿ ಕೆಟ್ಟಿ, ಇದೊಂದನ್ನ ಮಾತ್ರ ಮತ್ತ ನಂಬು.

ಅಲ್ಲಾ ನಿನ್ನ ಕಣ್ಣಿಗೆ ಬೆಳಕು ಕೊಡಲಿ, ಮನಿ ತುಂಬಿರಲಿ. ಹೊತ್ತಿಗೆ ಸರಿಯಾಗಿ ಉಣ್ಣು ಪ್ರಭ್ಯಾ. ರೊಟ್ಟಿ ಆರಗೊಡಬ್ಯಾಡ.

ನಿನ್ನ
ಕಾಶ್ಯಾ