ಪರಕರದ ಮುಂದಿನ ದಾಸವಾಳ

ರಬಕವಿ,
ಮಂಗಳವಾರ, ೧೯ ನವೆಂಬರ್ ೨೦೨೪

ಪ್ರೀತಿಯ ಆಯಿ,

ನಿಮ್ಮ ಮೊಮ್ಮಗನ ಹೊಸ ಹೆಂಡತಿ ಇಲ್ಲಿಂದಲೇ ನಿಮ್ಮ ಪಾದ ಮುಟ್ಟುತ್ತಿದ್ದಾಳೆ. ಆಪರೇಷನ್ ಆದ ಕಣ್ಣು ಹೇಗಿದೆ? ಔಷಧದ ಹನಿಯನ್ನು ಶೇವಂತಿ ಅತ್ತೆ ಹೊತ್ತಿಗೆ ಸರಿಯಾಗಿ ಹಾಕುತ್ತಿದ್ದಾರೆಯೇ, ಅಥವಾ ನೀವು "ಇರಲಿ ಬಿಡ, ಆಮ್ಯಾಲೆ ಹಾಕೂವಂತಿ" ಎಂದು ಅವರನ್ನು ಓಡಿಸುತ್ತಿದ್ದೀರಾ? ಮಗಳ ಮನೆಯಲ್ಲಿ ಸುಮ್ಮನೆ ಹೇಗೆ ಕೂರುವುದು ಎಂದು ಒಲೆಯ ಮುಂದೆ ಹೋಗಬೇಡಿ. ಬಗ್ಗಿ ಕಸ ಗುಡಿಸಬೇಡಿ. ಬೀಳಗಿಯ ಬಿಸಿಲಿಗೆ ಕರಿ ಕನ್ನಡಕ ಹಾಕಿಕೊಂಡೇ ಹೊರಗೆ ಬನ್ನಿ, ಯಾರು ನಕ್ಕರೂ ನಗಲಿ. ಓದುವ ಕನ್ನಡಕ ಬಂತು ಎಂದು ಅತ್ತೆ ಫೋನಿನಲ್ಲಿ ಹೇಳಿದ ಮೇಲೆಯೇ ನಾನು ಈ ಕಾಗದಕ್ಕೆ ಕುಳಿತದ್ದು. ಇದನ್ನು ನೀವೇ ಓದಬೇಕು, ಯಾರ ಕೈಯಲ್ಲೂ ಓದಿಸಬಾರದು. ಅದಕ್ಕೆಂದೇ ಅಕ್ಷರಗಳನ್ನು ಹುಣಸೆ ಬೀಜದಷ್ಟು ದಪ್ಪಗೆ ಬರೆದಿದ್ದೇನೆ. ಇಂಗ್ಲಿಷ್ ಮೀಡಿಯಂ ಹುಡುಗಿಯ ಕನ್ನಡ, ಒತ್ತಕ್ಷರ ಎಲ್ಲಾದರೂ ಜಾರಿದ್ದರೆ ನೀವೇ ಎತ್ತಿ ಕೂಡಿಸಿಕೊಳ್ಳಿ. ಫೋನಿನಲ್ಲಿ ಹೇಳೋಣವೆಂದರೆ ಅಲ್ಲಿ ಶೇವಂತಿ ಅತ್ತೆ ಸ್ಪೀಕರ್ ಹಚ್ಚಿ ಇಡೀ ಓಣಿಗೆ ಕೇಳಿಸುತ್ತಾರೆ, ಇಲ್ಲಿ ನಾನು ಪಿಸುಗುಟ್ಟಿದರೂ ಅಟ್ಟದ ಮೇಲಿನ ಬೆಕ್ಕಿಗೂ ಗೊತ್ತಾಗುತ್ತದೆ.

ಇಲ್ಲಿ ಎಲ್ಲರೂ ಆರಾಮ. ಮಗ್ಗಗಳು ಬೆಳಗಿನಿಂದ ಖಟಖಟ ಎನ್ನುತ್ತಲೇ ಇರುತ್ತವೆ. ಮುಧೋಳದಿಂದ ಬಂದ ಹೊಸತರಲ್ಲಿ ಆ ಸದ್ದಿಗೆ ತಲೆ ನೋಯುತ್ತಿತ್ತು, ಈಗ ಕರೆಂಟು ಹೋಗಿ ಅದು ನಿಂತರೇ ಏನೋ ಕಳೆದುಹೋದ ಹಾಗಾಗುತ್ತದೆ. ನನ್ನ ರೊಟ್ಟಿ ಕೊನೆಗೂ ದುಂಡಗಾಗಿದೆ. ನಿನ್ನೆ ಮಾವನವರು ತಾಟಿನಲ್ಲಿ ನೋಡಿ, "ಇಷ್ಟ ದಿನಾ ಭೂಪಟ ತಿಂದಿವಿ, ಇವತ್ತ ಚಂದ್ರ ಬಂದಾನ ನೋಡ" ಎಂದರು. ಅತ್ತೆಯವರು ನಗು ತಡೆಯಲು ನೀರು ಕುಡಿದರು. ಗಂಡನನ್ನು ನಾನು "ಅಮಿತ" ಎಂದು ಹೆಸರು ಹಿಡಿದು ಕರೆದಾಗ ಅವರು ಈಗಲೂ ಕೆಮ್ಮುತ್ತಾರೆ, ಆದರೆ ಕೆಮ್ಮು ಮೊದಲಿನಷ್ಟು ಜೋರಾಗಿಲ್ಲ. ನೀವು ಬಂದ ಮೇಲೆ ಅದನ್ನೂ ವಾಸಿ ಮಾಡಿಸಿ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ರವಿವಾರ ನಾವಿಬ್ಬರೂ ಜಮಖಂಡಿಗೆ ಹೋಗಿ ಚಿತ್ರಕಾರ ವೇದವ್ಯಾಸ ಮಾಸ್ತರರ ವಾಡೆ ನೋಡಿ ಬಂದೆವು. ನೋಡಿದೆ, ಆಯಿ. ಹೇಗಿತ್ತೆಂದು ಒಂದೇ ಸಲ ಹೇಳಿಬಿಟ್ಟರೆ ನನಗೆ ಸಮಾಧಾನವಿಲ್ಲ, ಸ್ವಲ್ಪ ತಾಳಿ. ಮೊದಲು, ಬೀಳಗಿಗೆ ಹೊರಡುವ ದಿನ ನಿಮ್ಮ ಪೆಟ್ಟಿಗೆಗೆ ಸೀರೆ ಜೋಡಿಸುವಾಗ ನೀವು ನನ್ನ ಮುಂಗೈ ಹಿಡಿದು ಹೇಳಿದ್ದನ್ನು ನಾನು ಸರಿಯಾಗಿ ಕೇಳಿಸಿಕೊಂಡಿದ್ದೇನೆಯೇ ನೋಡಿ. ನೀವು ಬನಹಟ್ಟಿಯ ಸಣ್ಣ ಹುಡುಗಿ. ನಿಮ್ಮ ಅಪ್ಪ ಕಾಶಪ್ಪನವರು ತಾವೇ ನೇಯ್ದ ಸೀರೆಗಳ ಗಂಟು ಹೊತ್ತು ಆ ವಾಡೆಗೆ ಮಾರಲು ಹೋದಾಗ ನೀವೂ ಹಿಂದೆ ಹೋಗಿದ್ದಿರಿ. ಪಡಸಾಲೆಯಲ್ಲಿ ಹೆಂಗಸರು ಸೀರೆ ಬಿಚ್ಚಿ ನೋಡುತ್ತಿದ್ದಾಗ ನೀವು ತೋಟದಲ್ಲಿ ಪೇರಲ ಗಿಡದ ಕೆಳಗೆ ನಿಂತು ಹಣ್ಣು ತಿನ್ನುತ್ತಿದ್ದಿರಿ. ಮಾಸ್ತರರು ಹಾಗೇ ನಿಲ್ಲು ಎಂದು ನಿಲ್ಲಿಸಿ ಬರೆಯತೊಡಗಿದರು. ನೀವು ಉಟ್ಟಿದ್ದ ಹಸಿರು ಪರಕರಕ್ಕೆ ಮೊಣಕಾಲಿನ ಹತ್ತಿರ ಒಂದು ಕೆಂಪು ತೇಪೆ ಇತ್ತು, ಸೀರೆಯ ಸೆರಗಿನದೇ ಉಳಿದ ತುಂಡು. ನೀವು ಕೈಯಿಂದ ಅದನ್ನು ಮುಚ್ಚಿಕೊಂಡಿರಿ, ಅವರು ಕೈ ತೆಗೆ ಎಂದರು, ನೀವು ಅತ್ತಿರಿ. "ಅಳಬ್ಯಾಡ. ನಿನ್ನ ತ್ಯಾಪಿ ಯಾರಿಗೂ ಕಾಣಂಗಿಲ್ಲ, ಮಾತು ಕೊಟ್ಟೆ" ಎಂದು ಅವರು ಹೇಳಿದರಂತೆ. ಆದರೆ ದಾರಿಯಲ್ಲಿ ನಿಮ್ಮ ಅಪ್ಪ, "ಊರಿಗೆಲ್ಲಾ ಸೀರಿ ಉಡಸಾಂವನ ಮಗಳು ತ್ಯಾಪಿ ಪರಕರ ಹಾಕ್ಕೊಂಡು ಗ್ವಾಡಿ ಮ್ಯಾಲೆ ನಿಂತ್ರ, ನಮ್ಮ ಕಡೆ ಯಾರ ಸೀರಿ ತಗೋತಾರ" ಎಂದು ಚಿಂತೆ ಮಾಡಿದರು. ಅಂದಿನಿಂದ ನೀವು ಆ ವಾಡೆಯ ಕಡೆ ತಲೆ ಹಾಕಲಿಲ್ಲ. ಅದು ಮ್ಯೂಸಿಯಂ ಆದ ಮೇಲೆ ಮನೆಮಂದಿಯೆಲ್ಲ ನೋಡಿ ಬಂದಾಗಲೂ ಮೊಣಕಾಲು ನೋವು ಎಂದು ಮನೆಯಲ್ಲೇ ಉಳಿದಿರಿ. "ತ್ಯಾಪಿ ಕಾಣತೈತೇನ, ಅಷ್ಟ ನೋಡಿ ಬಾ. ಮತ್ತ ಯಾರ ಮುಂದೂ ಬಾಯಿ ಬಿಡಬ್ಯಾಡ" ಎಂದಿರಿ. ಇಡೀ ಮನೆಯಲ್ಲಿ ಅತಿ ಹೆಚ್ಚು ಮಾತಾಡುವವಳನ್ನೇ ಆರಿಸಿ ಗುಟ್ಟು ಹೇಳಿದಿರಲ್ಲ, ನಿಮ್ಮ ಧೈರ್ಯಕ್ಕೆ ಏನೆನ್ನಲಿ.

ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು. ಅಮಿತ ಬೈಕಿನಲ್ಲಿ ಒಂದೊಂದನ್ನೂ ದಾಟುವಾಗ ನಾನು ಅವನ ಅಂಗಿ ಹಿಡಿದು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ. ವಾಡೆಯ ದೊಡ್ಡ ಬಾಗಿಲಲ್ಲಿ ಕಾವಲಿನ ರಾಚಪ್ಪ ಎಂಬವರು ಟಿಕೆಟ್ ಕೊಟ್ಟು, ತೋಟದಲ್ಲಿ ಬೇಕಾದಷ್ಟು ಫೋಟೊ ತೆಗೆಯಿರಿ, ಒಳಗೆ ಮಾತ್ರ ಫೋನ್ ಹೊರಗೆ ತೆಗೆಯಬೇಡಿ ಎಂದರು. ಆದ್ದರಿಂದ ಒಳಗಿನದನ್ನೆಲ್ಲ ನೀವು ನನ್ನ ಮಾತಿನಲ್ಲೇ ನೋಡಬೇಕು. ಆಯಿ, ಎಷ್ಟು ಚಂದದ ಮನೆ ಗೊತ್ತೇ. ಕಪ್ಪು ಮರದ ಕಂಬಗಳು ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತವೆ. ನೀವು ಕಂಡ ಪಡಸಾಲೆ ಹಾಗೇ ಇದೆ, ಆದರೆ ಈಗ ಅಲ್ಲಿ ಸೀರೆ ಬಿಚ್ಚುವವರಿಲ್ಲ, ಹಗ್ಗ ಕಟ್ಟಿದ್ದಾರೆ. ಅವರು ಬರೆಯುತ್ತಿದ್ದ ಕೋಣೆಯಲ್ಲಿ ಕಿಟಕಿ ಎಷ್ಟು ದೊಡ್ಡದೆಂದರೆ ನಮ್ಮ ಮಗ್ಗವನ್ನು ಬಿಚ್ಚದೆ ಒಳಗೆ ತರಬಹುದು ಎಂದು ಅಮಿತ ಹೇಳಿದ. ಅವನಿಗೆ ಎಲ್ಲವೂ ಮಗ್ಗದ ಲೆಕ್ಕವೇ. ಗೂಟಕ್ಕೆ ಅವರ ಕರಿ ಕೋಟು ಇನ್ನೂ ತೂಗುತ್ತಿದೆ, ಬಲಗೈ ತೋಳಿನ ಅಂಚಿಗೆ ಹಳದಿ ಬಣ್ಣ ಮೆತ್ತಿಕೊಂಡಿದೆ. ಈಗಷ್ಟೇ ಕೈ ತೊಳೆಯಲು ಹೋದವರು ಬಂದು ಹಾಕಿಕೊಳ್ಳುತ್ತಾರೇನೋ ಎನಿಸಿತು.

ನಿಮ್ಮ ಚಿತ್ರ ಅದರ ಪಕ್ಕದ ಕೋಣೆಯಲ್ಲಿದೆ, ಅಲ್ಲಿ ಅದೊಂದೇ. ಬಾಗಿಲಿನಷ್ಟು ಎತ್ತರ. ಕೆಳಗೆ ಹಲಗೆಯ ಮೇಲೆ "ಪೇರಲ ತಿನ್ನುವ ಹುಡುಗಿ. ಹೆಸರು ತಿಳಿದಿಲ್ಲ" ಎಂದು ಬರೆದಿದ್ದಾರೆ. ನಾನು ಮುಖ ನೋಡಲೇ ಇಲ್ಲ, ಧೈರ್ಯವಾಗಲಿಲ್ಲ. ಕಾಲಿನಿಂದ ಶುರು ಮಾಡಿದೆ. ಎಡಗಾಲಿನ ಮೇಲೆ ಬಲಗಾಲು ಇಟ್ಟುಕೊಂಡಿದ್ದೀರಿ, ಪಾದಕ್ಕೆ ಕೆಂಪು ಮಣ್ಣು ಹತ್ತಿದೆ, ಕಾಲ್ಗಡಗ ಒಂದು ಸ್ವಲ್ಪ ಮೇಲೆ, ಒಂದು ಕೆಳಗೆ. ಆಮೇಲೆ ಹಸಿರು ಪರಕರ. ಅದರ ಮೇಲೆ ಎಲೆಯ ನೆರಳು ಬಿದ್ದಿದೆ. ಮೊಣಕಾಲಿನ ಹತ್ತಿರ ಬಂದೆ, ಮೂಗು ಗಾಜಿಗೆ ತಾಗುವಷ್ಟು ಬಗ್ಗಿದೆ. ಹಿಂದಿನಿಂದ ರಾಚಪ್ಪನವರು, "ಬಾಯಾರ, ಚಿತ್ರ ಮೂಸಿ ನೋಡೂದಲ್ರಿ, ದೂರ ನಿಂತು ನೋಡೂದು" ಎಂದರು. ದೂರ ನಿಂತು ನೋಡಿದೆ. ತೇಪೆ ಇಲ್ಲ, ಆಯಿ. ಇನ್ನೊಮ್ಮೆ ಬರೆಯುತ್ತೇನೆ, ನೀವೂ ಇನ್ನೊಮ್ಮೆ ಓದಿ. ತೇಪೆ ಕಾಣುವುದಿಲ್ಲ. ಆ ಜಾಗದ ಮುಂದೆ ಒಂದು ದಾಸವಾಳದ ಗಿಡ ನಿಂತಿದೆ, ಮೊಣಕಾಲ ನೇರಕ್ಕೆ ಸರಿಯಾಗಿ ಒಂದೇ ಒಂದು ಕೆಂಪು ಹೂವು ಅರಳಿದೆ.

ಆಗ ಮುಖ ನೋಡಿದೆ. ಇನ್ನೇನು ಅಳುತ್ತೀರಿ, ಅಷ್ಟರಲ್ಲಿ ಯಾರೋ ನಗಿಸಿದ್ದಾರೆ, ಅಂಥ ಮುಖ. ಗಲ್ಲದ ಮೇಲೆ ಹಣ್ಣಿನ ರಸ. ನನಗೆ ಕಣ್ಣು ತುಂಬಿ ಬಂತು. ಅಮಿತ ಹತ್ತಿರ ಬಂದು, ಈ ಹಸಿರಿನ ನೂಲು ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಏನೇನೋ ಹೇಳುತ್ತಿದ್ದವನು ತಟ್ಟನೆ ನಿಲ್ಲಿಸಿ, "ಈಕಿ ನಿಂತದ್ದು ನೋಡ. ನಮ್ಮ ಆಯಿ ಒಲಿ ಮುಂದ ಹಿಂಗs ನಿಂದರತಾಳ, ಕಾಲ ಮ್ಯಾಲೆ ಕಾಲಿಟ್ಟು" ಎಂದ. ನನ್ನ ಎದೆ ಮಗ್ಗಕ್ಕಿಂತ ಜೋರಾಗಿ ಹೊಡೆದುಕೊಂಡಿತು. "ಆಗಿನ ಹುಡುಗ್ಯಾರೆಲ್ಲಾ ಹಂಗs ನಿಂದರತಿದ್ರು" ಎಂದೆ. "ನೀ ಆಗ ಇದ್ದೇನ?" ಎಂದು ಕೇಳಿದ. ಹೋಗಿ ಬಾವಿಯ ಗಾಲಿ ನೋಡಿ ಬಾ, ಹಳೆಯ ಕಾಲದ್ದಂತೆ ಎಂದು ಅವನನ್ನು ತೋಟಕ್ಕೆ ಅಟ್ಟಿದೆ. ಗಾಲಿ ಎಂದರೆ ಸಾಕು, ಹೋದ.

ಅಷ್ಟು ಹೊತ್ತೂ ಬಾಗಿಲ ಬಳಿಯ ಕುರ್ಚಿಯಲ್ಲಿ ಕುಳಿತು ನನ್ನನ್ನೇ ನೋಡುತ್ತಿದ್ದ ಒಬ್ಬ ವಯಸ್ಸಾದ ಹೆಂಗಸು ಈಗ ಎದ್ದು ಬಂದರು. ಮಾಸ್ತರರ ಸೊಸೆ ಶುಭದಾಬಾಯಿ. ವಾಡೆಯ ಹಿಂದಿನ ಎರಡು ಕೋಣೆಗಳಲ್ಲಿ ಅವರೇ ಇರುತ್ತಾರಂತೆ. "ಎಲ್ಲಾರೂ ಮಾರಿ ನೋಡತಾರ, ನೀ ಒಬ್ಬಾಕೀನ ಗಿಡದ ಹಿಂದ ಏನೋ ಹುಡುಕಲಿಕತ್ತೀಯಲ್ಲ" ಎಂದರು. ನಾನು ಹೂವು ಚಂದ ಇದೆ ಎಂದೆ. ಅವರು ನಕ್ಕು, "ಆ ಗಿಡದ್ದೊಂದು ಮಜಾ ಅದ. ಅದು ಮೊದಲ ಚಿತ್ರದಾಗ ಹುಟ್ಟೇದ, ನೆಲದಾಗ ಆಮ್ಯಾಲೆ" ಎಂದರು. ಚಿತ್ರ ಬರೆದಾಗ ಆ ಪೇರಲ ಗಿಡದ ಕೆಳಗೆ ಬರೀ ಮಣ್ಣಿತ್ತಂತೆ. ಇಲ್ಲದ ಗಿಡವನ್ನು ಎಲ್ಲಿಂದ ತಂದಿರಿ ಎಂದು ಮನೆಯವರೆಲ್ಲ ನಕ್ಕರಂತೆ. ಆ ಮಳೆಗಾಲ ಮಾಸ್ತರರು ತಾವೇ ಗುದ್ದಲಿ ಹಿಡಿದು ಅದೇ ಜಾಗದಲ್ಲಿ ಒಂದು ದಾಸವಾಳ ನೆಟ್ಟರಂತೆ. ಶುಭದಾಬಾಯಿ ಮದುವೆಯಾಗಿ ಬಂದ ಹೊಸತರಲ್ಲಿ ಅವರಿಗೆ ಒಪ್ಪಿಸಿದ ಮೊದಲ ಕೆಲಸವೇ ಅದಕ್ಕೆ ನೀರು ಹಾಕುವುದು. "ಆ ಹುಡುಗಿಗೆ ಒಂದು ಮಾತು ಕೊಟ್ಟೇನಿ, ಅದು ಒಣಗಬಾರದವಾ ಅಂದ್ರು ಮಾವನವರು. ಏನ ಮಾತು, ಗಿಡದ ಹಿಂದ ಏನದ, ಸಾಯೂತನಕಾ ಹೇಳಲಿಲ್ಲ. ಪುಣೆ, ಮುಂಬಯಿಯಿಂದ ದೊಡ್ಡ ದೊಡ್ಡವರು ಬಂದು, ಆ ಕೆಂಪು ಹೂವಂದ್ರ ಹಂಗ, ಹಿಂಗ ಅಂತ ಬರಕೊಂಡ ಹೋದ್ರು. ನಾ ಇನ್ನೂ ನೀರ ಹಾಕಲಿಕತ್ತೇನಿ." ಹೀಗೆ ಹೇಳಿ ನನ್ನ ಮುಖವನ್ನೇ ನೋಡಿದರು.

ಆಯಿ, ನನ್ನ ಬಾಯಿ ಎಂಥದ್ದೆಂದು ನಿಮಗೆ ಗೊತ್ತು. ಮದುವೆಯಲ್ಲಿ ಉಂಗುರ ಹುಡುಕುವ ಆಟದಲ್ಲಿ ಉಂಗುರ ನನಗೆ ಸಿಕ್ಕಿದೆ ಎಂದು ನಾನೇ ಹೇಳಿ ಸೋತವಳು. ಗೊತ್ತಿದೆ, ಗೊತ್ತಿದೆ ಎಂದು ಮಾತು ಹಲ್ಲಿನವರೆಗೂ ಬಂದಿತ್ತು. ಮಾತಿನ ನಡುವೆ ಅವರು ಕೈಗಿಟ್ಟಿದ್ದ ಪೇರಲ ಹಣ್ಣನ್ನು ಇಡಿಯಾಗಿ ಬಾಯಿಗೆ ತುರುಕಿಕೊಂಡೆ. ಅದನ್ನು ನುಂಗುವಷ್ಟರಲ್ಲಿ ನಿಮ್ಮ ಗುಟ್ಟು ಉಳಿಯಿತು.

ಆಮೇಲೆ ಅವರೇ ತೋಟಕ್ಕೆ ಕರೆದೊಯ್ದರು. ನಿಂಬೆ, ಪಾರಿಜಾತ, ಬಾವಿಯಿಂದ ಹರಿದು ಬರುವ ಸಣ್ಣ ಕಲ್ಲಿನ ಕಾಲುವೆ, ಅದರ ದಂಡೆಗೆ ಮಾಸ್ತರರು ಕೂರುತ್ತಿದ್ದ ಕಟ್ಟೆ. ನೀವು ಹಣ್ಣು ತಿಂದ ಪೇರಲ ಗಿಡ ಬಿದ್ದುಹೋಯಿತಂತೆ, ಅದರ ಬೀಜದ್ದೇ ಒಂದು ಗಿಡ ಅದೇ ಜಾಗದಲ್ಲಿದೆ. ದಾಸವಾಳ ಮಾತ್ರ ಅದೇ, ಅಮಿತನಿಗಿಂತ ಎತ್ತರವಾಗಿ ಮೈತುಂಬ ಹೂ ಬಿಟ್ಟು ನಿಂತಿದೆ. ನೀವು ನಿಂತ ಜಾಗದಲ್ಲಿ ನಾನು ಕಾಲ ಮೇಲೆ ಕಾಲಿಟ್ಟು ನಿಂತೆ, ಅಮಿತ ಫೋಟೊ ತೆಗೆದ. ಬನಹಟ್ಟಿಯಲ್ಲಿ ಪ್ರಿಂಟ್ ಹಾಕಿಸಿ ಇದರೊಳಗೆ ಇಟ್ಟಿದ್ದೇನೆ, ನೋಡಿ. ನನ್ನ ಮೊಣಕಾಲೂ ಕಾಣುವುದಿಲ್ಲ.

ಹೊರಡುವಾಗ ಶುಭದಾಬಾಯಿ ಬಿಡಲಿಲ್ಲ. "ಹೊಸ ಮದಲಗಿತ್ತಿ ಬರೇ ಉಡೀಲೆ ಹೋಗಬಾರದವಾ" ಎಂದು ಕೂರಿಸಿ, ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಹಾಕಿ ಉಡಿ ತುಂಬಿದರು. ಮೇಲೆ ದಾಸವಾಳದ ಒಂದು ಕಡ್ಡಿಯನ್ನೂ ಇಟ್ಟರು. ಮನೆಗೆ ಬಂದಾಗ ಅತ್ತೆಯವರು, "ಟಿಕೀಟ ತಗಸಿ ಉಡಿ ತುಂಬಿಸಿಕೊಂಡ ಬಂದ ಸೊಸಿನ್ನ ಇವತ್ತ ನೋಡಿದೆ" ಎಂದರು. ಕಡ್ಡಿಯನ್ನು ನೂಲಿನ ಬಣ್ಣದ ಹಳೆಯ ಡಬ್ಬಿಯಲ್ಲಿ ನೆಟ್ಟು ಹಿತ್ತಿಲ ಬಾಗಿಲಿಗೆ ಇಟ್ಟಿದ್ದೇನೆ.

ಬೈಕಿನ ಹಿಂದೆ ಕುಳಿತು ಬರುವಾಗ ಒಂದೇ ಯೋಚನೆ. ಅದೇ ಚಿತ್ರದಲ್ಲಿ ಹಿಂದಿನ ಗೋಡೆಯ ಬಿರುಕನ್ನೂ ಬಾವಿಯ ಒಡೆದ ಕಲ್ಲನ್ನೂ ಬಿಡದೆ ಬರೆದ ಮನುಷ್ಯ ಅವರು. ತೇಪೆ ಬೇಡವೆಂದರೆ ತೇಪೆಯಿಲ್ಲದ ಪರಕರ ಬರೆದರೆ ಮುಗಿಯುತ್ತಿತ್ತು, ಯಾರು ಕೇಳುತ್ತಿದ್ದರು? ಹರಿದದ್ದನ್ನು ಹರಿದಿಲ್ಲ ಎಂದು ತೋರಿಸಲು ಅವರ ಕೈ ಒಪ್ಪಲಿಲ್ಲವೇನೋ. ಅಳುವ ಹುಡುಗಿಗೆ ಕೊಟ್ಟ ಮಾತನ್ನು ಬಿಡಲೂ ಆಗಲಿಲ್ಲ. ಎರಡರ ನಡುವೆ ಒಂದು ಗಿಡ ನಿಲ್ಲಿಸಿದರು, ಆಮೇಲೆ ಆ ಗಿಡವನ್ನೂ ಖರೆ ಮಾಡಿದರು. ಇಷ್ಟು ವರ್ಷ ನೀವು ಯಾವ ತೇಪೆಗೆ ನಾಚಿ ದೂರ ಉಳಿದಿರೋ, ಅದರ ಮುಂದೆ ಅಷ್ಟೂ ವರ್ಷ ಹೂವು ಅರಳುತ್ತಲೇ ಇತ್ತು.

ಶೇವಂತಿ ಅತ್ತೆಗೂ ಮಾಮಾನಿಗೂ ನಮ್ಮಿಬ್ಬರ ನಮಸ್ಕಾರ ಹೇಳಿ. ಅವರು ಕೇಳಿದರೆ ರೊಟ್ಟಿಯ ವಿಷಯ ಬರೆದಿದ್ದಾಳೆ ಎನ್ನಿ. ನೀವು ಬೇಗ ಬನ್ನಿ. ನೀವಿಲ್ಲದ ಅಡುಗೆಮನೆಯಲ್ಲಿ ಕಾಲ ಮೇಲೆ ಕಾಲಿಟ್ಟು ನಿಲ್ಲುವವರು ಯಾರೂ ಇಲ್ಲ, ನಾನು ಪ್ರಯತ್ನಿಸಿದರೆ ಕಾಲು ಜೋಮು ಹಿಡಿಯುತ್ತದೆ.

ಬಾಯಿ ಬಿಗಿಹಿಡಿದ ನಿಮ್ಮ ಮೊಮ್ಮಗನ ಹೆಂಡತಿ,
ಶ್ರೀದೇವಿ

ಮರೆತಿದ್ದೆ: ಸಂಕ್ರಾಂತಿಯೊಳಗೆ ಚಿತ್ರದ ಕೆಳಗಿನ ಆ ಹಳೆಯ ಹಲಗೆ ತೆಗೆದು ಹೊಸದು ಹಾಕುತ್ತಾರಂತೆ. ಶುಭದಾಬಾಯಿ ಬಾಗಿಲವರೆಗೆ ಬಂದು, "ಆಕಿ ಹೆಸರ ಯಾರರೆ ಹೇಳಿದ್ರ ಬರಸ್ತೇನಿ, ಅದೊಂದ ಉಳದದ" ಎಂದು ನನ್ನ ಕೈ ಹಿಡಿದುಕೊಂಡು ಹೇಳಿದರು. ತೇಪೆಯ ಮಾತು ಬೇಡವೇ ಬೇಡ, ಬರೀ ಹೆಸರು, "ದಾನಮ್ಮ, ಬನಹಟ್ಟಿ" ಎಂದು. ಹೇಳಲೇ? ಈ ಕಾಗದ ತರುತ್ತಿರುವ ಪರಸಪ್ಪ ಕಾಕಾ ಸೀರೆ ಕೊಟ್ಟು ನಾಳೆಯೇ ತಿರುಗಿ ಬರುತ್ತಾರೆ, ಏನೂ ಬರೆಯಬೇಡಿ. ಹೇಳು ಎನ್ನುವುದಾದರೆ ಅವರ ಕೈಯಲ್ಲಿ ಒಂದು ಪೇರಲ ಹಣ್ಣು ಕಳಿಸಿ. ಬೇಡವಾದರೆ ಬರಿಗೈಯಲ್ಲಿ ಕಳಿಸಿ, ನಾನು ಮತ್ತೆಂದೂ ಕೇಳುವುದಿಲ್ಲ. ಆದರೆ ನಾಳೆ ಸಂಜೆ ಬಸ್ ಸ್ಟ್ಯಾಂಡಿಗೆ ಅವರನ್ನು ಕರೆತರಲು ನಾನೇ ಹೋಗುತ್ತೇನೆ.