ರೋಬೋಟಿಗೆ ಕೊಟ್ಟ ದನಿ

೧೨ ನವೆಂಬರ್, ಮಂಗಳವಾರ

ಆ ಹುಡುಗಿಗೆ ನಾನು ಉತ್ತರ ಕೊಡಬೇಕಿತ್ತು.

ಗಣಿತ ಕಷ್ಟವೆನ್ನುವ ಮಕ್ಕಳಿಗೆಂದು ಶಾಲೆಗೆ ಪುಟ್ಟ ರೋಬೋಟ್ ಬಂದು ಮೂರು ವಾರವಾಯಿತು. ಲೆಕ್ಕ ತಪ್ಪಿದಾಗಲೆಲ್ಲ ಅದು ಧೈರ್ಯ ಹೇಳುತ್ತದೆ. ಆ ಮಾತುಗಳಿಗೆ ದನಿ ಕೊಟ್ಟವಳು ನಾನೇ. ಕಂಪನಿಯವರು ಕೊಟ್ಟ ಹಾಳೆ ಹಿಡಿದು ಸ್ಟಾಫ್ ರೂಮಿನಲ್ಲಿ ಓದುವಾಗ ನಗು ತಡೆಯಲಾಗಿರಲಿಲ್ಲ. ಇಷ್ಟು ಮುದ್ದು ಮಾಡಿದರೆ ಮಕ್ಕಳು ತಲೆ ಮೇಲೆ ಕೂರುತ್ತಾರೆ ಎಂದಿದ್ದೆ.

ಇವತ್ತು ಕೊನೆಯ ಬೆಂಚಿನ ಮೌನಗೌರಿ ಒಂದೇ ಭಿನ್ನರಾಶಿ ಲೆಕ್ಕವನ್ನು ಆರು ಸಲ ತಪ್ಪು ಮಾಡಿದಳು. ಪ್ರತಿ ಸಲವೂ ರೋಬೋಟ್, "ಪರವಾಗಿಲ್ಲ ಪುಟ್ಟಾ, ಇನ್ನೊಂದ್ಸಲ ನೋಡೋಣ" ಎಂದಿತು. ಏಳನೆಯ ಸಲ ಉತ್ತರ ಸರಿಬಂತು. ಅವಳು ಕುಣಿದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ನನ್ನ ಹತ್ರ ಯಾಕೆ ಒಂದಿನವೂ ಕೇಳ್ಲಿಲ್ಲ?" ಎಂದೆ.

"ಕೇಳಿದ್ದೆ ಮಿಸ್, ಜೂನ್‌ನಲ್ಲಿ. ತಲೇಲಿ ಮಣ್ಣು ತುಂಬಿದ್ಯಾ ಅಂದ್ರಿ." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಆಮೇಲೆ ರೋಬೋಟನ್ನು ತೋರಿಸಿ, "ಇದ್ರಲ್ಲಿರೋದು ನಿಮ್ ದನೀನೇ ಅಲ್ವಾ? ಹಾಗಾದ್ರೆ ನಿಮ್ಗೂ ಹೀಗೆ ಮಾತಾಡೋಕೆ ಬರುತ್ತೆ?" ಎಂದು ಕೇಳಿದಳು.

"ಬೆಲ್ ಆಯ್ತು, ಹೋಗು" ಎಂದುಬಿಟ್ಟೆ. ಬೆಲ್ ಆಗಿರಲಿಲ್ಲ.

ಮನೆಯಲ್ಲಿ ಮಗಳಿಗೂ ಗಣಿತ ಹೇಳಿಕೊಟ್ಟವಳು ನಾನೇ. ಹತ್ತನೇ ತರಗತಿ ಪರೀಕ್ಷೆ ಮುಗಿದ ದಿನವೇ ಅವಳು ಆ ಪುಸ್ತಕಗಳನ್ನೆಲ್ಲ ರದ್ದಿಗೆ ಹಾಕಿದಳು. ಯಾಕೆಂದು ನಾನು ಕೇಳಲಿಲ್ಲ. ಈಗ ಪಕ್ಕದ ಕೋಣೆಯಲ್ಲಿ ಮಲಗಿದ್ದಾಳೆ. ನಾಳೆ ಶಾಲೆಯಲ್ಲಿ ಆ ಹುಡುಗಿಗೆ ತಪ್ಪಾಯ್ತು ಎಂದು ಹೇಗಾದರೂ ಹೇಳಿಬಿಡುತ್ತೇನೆ. ಮಗಳ ಮುಂದೆ ಎಲ್ಲಿಂದ ಶುರು ಮಾಡಲಿ, ಇವಳಿಗೆ ನಾನು ಅಂದದ್ದು ಒಂದು ಸಲವಲ್ಲ, ಒಂದು ದಿನವಲ್ಲ...