ಆ ನೋವುಗಳು ಒಂದೂ ನನ್ನವಲ್ಲ, ಅತ್ತೆ

ಸ್ಯಾನ್ ಡಿಯೇಗೋ, ೨೦೦೭

ನನ್ನ ಅತ್ತೆಗೆ, ಧಾರವಾಡದ ಹುಡುಗಿಯರ ಶಾಲೆಯ ಪೀಟಿ ಅಕ್ಕೋರಿಗೆ,

ಮೊದಲು ತಪ್ಪೊಪ್ಪಿಗೆ. ನಿಮ್ಮ ಸೊಸೆಯ ಮೈಯಲ್ಲಿ ಒಂದು ಕೀಲೂ ನೆಟ್ಟಗಿಲ್ಲ ಅಂತ ನಂಬಿಕೊಂಡೇ ನೀವು ಹೊರಟುಹೋದಿರಿ. ಹಿಮ್ಮಡಿ, ಮೊಣಕಾಲು, ಸೊಂಟ... ದಿನಕ್ಕೊಂದು ನೋವು ತಂದು ನಿಮ್ಮ ಮುಂದೆ ಇಡುತ್ತಿದ್ದೆನಲ್ಲ? ಅವು ಒಂದೂ ನನ್ನವಲ್ಲ. ಯಾರವು ಅಂತ ಹೇಳೋಕೇ ಈ ಪತ್ರ. ಹೇಳಿದ ಮೇಲೆ ಬೈಯುತ್ತೀರೋ ನಗುತ್ತೀರೋ, ನಿಮಗೆ ಬಿಟ್ಟದ್ದು.

ನೆನಪಿದೆಯಾ, ನಿಹಾಲ್‌ಗೆ ಎರಡೂವರೆ ತಿಂಗಳು ತುಂಬಿದ ಬೆಳಗ್ಗೆ? ಓಡಬಹುದು ಅಂತ ಡಾಕ್ಟರ್ ಹೇಳಿ ವಾರವಾಗಿತ್ತು. ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಬಾಗಿಲ ಹತ್ತಿರದ ಶೂಗಳನ್ನೇ ನೋಡುತ್ತಾ ಕೂತಿದ್ದೆ. ಬಾಣಂತಿ ಓಡುತ್ತೇನೆ ಅಂತ ಅತ್ತೆಗೆ ಯಾವ ಬಾಯಲ್ಲಿ ಹೇಳೋದು? ನೀವು ಒಳಗಿಂದ ಬಂದು, ಒಂದು ಸಲ ನನ್ನನ್ನು, ಒಂದು ಸಲ ಶೂಗಳನ್ನು ನೋಡಿದಿರಿ. "ಎಷ್ಟ ದಿನಾ ಅದನ್ನ ನೋಡ್ಕೋತ ಕುಂದರತಿ? ಹಾಕ್ಕೋ, ನಡಿ. ಕೂಸು ನನ್ನ ಕಡೆ ಇರ್ತೈತಿ." ಅಪಾರ್ಟ್‌ಮೆಂಟಿನ ಹಿಂದಿನ ಬೆಂಚಿನಲ್ಲಿ, ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡು, ತೊಡೆಯ ಮೇಲೆ ನಿಹಾಲ್, ಪಕ್ಕದಲ್ಲಿ ಅನಘಾ. "ನಾಕ ನಿಮಿಷ ಓಡು, ಎರಡ ನಿಮಿಷ ನಡಿ. ಉಸುರು ಹತ್ತಿದ್ರ ನಾಚಬ್ಯಾಡ!" ನಾಲ್ಕು ವರ್ಷದ ಅನಘಾ ಒಬ್ಬಳೇ ಚಪ್ಪಾಳೆ ತಟ್ಟಿ, "ಗೋ ಅಮ್ಮಾ, ಗೋ!" ಅಂತ ಕಿರುಚುತ್ತಿದ್ದಳು. ಅಷ್ಟು ಹೊತ್ತಿಗೇ ನಾನು ನಿಮ್ಮ ಫ್ಯಾನ್ ಆಗಿಬಿಟ್ಟಿದ್ದೆ, ಗೊತ್ತಾ?

ನಿಮ್ಮ ಮಗ ಎರಡನೇ ವಾರಕ್ಕೇ ಗೊಣಗಿದ್ದು ನೆನಪಿದೆಯಲ್ಲ. ನಿಮಗೆ ಸ್ವಲ್ಪ ನೆಗಡಿಯಾಗಿತ್ತು, ಮಕ್ಕಳನ್ನು ಪ್ರಸನ್ನ ನೋಡಿಕೊಳ್ಳಬೇಕಿತ್ತು. "ಅವ್ವಾ, ಅಕಿ ಓಡಾಕ ಹೋದಾಗ ಕೂಸು ಎದ್ರ ಯಾರು ನೋಡ್ಬೇಕು?" ಅಂದರು. ನೀವು ಕಷಾಯದ ಲೋಟ ಕೆಳಗೂ ಇಡದೆ, "ಯಾಕಪಾ, ನೀ ಈ ಮನ್ಯಾಗ ಬಾಡಿಗಿಗೆ ಇದ್ದಿಯೇನು?" ಅಂದಿರಿ. ನಾನು ಅಡುಗೆಮನೆಯಲ್ಲಿ ಬಾಯಿಗೆ ಸೆರಗು, ಅಲ್ಲ, ಟೀ ಶರ್ಟ್ ಒತ್ತಿಕೊಂಡು ನಕ್ಕೆ. ಅವತ್ತಿನಿಂದ ಬೆಳಗಿನ ಆರೂವರೆಯಿಂದ ನಲವತ್ತು ನಿಮಿಷ ನನ್ನದಾಯಿತು. ಇಡೀ ದಿನದಲ್ಲಿ ಯಾರೂ ನನ್ನನ್ನು ಎತ್ತಿಕೋ ಅನ್ನದ, ಹಾಲು ಕೇಳದ ನಲವತ್ತು ನಿಮಿಷ.

ಮಕ್ಕಳು ಮಧ್ಯಾಹ್ನ ಮಲಗಿದಾಗ ನಾನು ಕಂಪ್ಯೂಟರ್ ಮುಂದೆ ಕೂರುತ್ತಿದ್ದುದನ್ನು ನೀವು ನೋಡಿದ್ದೀರಿ. ಅಲ್ಲೊಂದು ಥ್ರೆಡ್ ಇತ್ತು, ಅಂದರೆ ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರ ಬರೆಯುವ ಇಂಟರ್ನೆಟ್ ಪುಟ, ಲಾಸ್ ಏಂಜಲಿಸ್, ಸ್ಯಾನ್ ಡಿಯೇಗೋ ಕಡೆಯ, ಓಡುವ ತಾಯಂದಿರದು. ಎಲ್ಲರ ಮನೆಯಲ್ಲೂ ಕೂಸು, ಎಲ್ಲರಿಗೂ ನಿದ್ದೆಯಿಲ್ಲ, ಎಲ್ಲರಿಗೂ ಎಲ್ಲೋ ಒಂದು ಕಡೆ ನೋವು. ನಾನು ಸುಮ್ಮನೆ "ನನ್ನ ಕೋಚ್ ನಾಲ್ಕು ನಿಮಿಷ ಓಡು, ಎರಡು ನಿಮಿಷ ನಡಿ ಅಂದರು" ಅಂತ ಬರೆದೆ. ಮರುದಿನ ಮೂರು ಜನ ಅದನ್ನೇ ಮಾಡಿದ್ದರು! ಆಮೇಲೆ ಶುರು: ನಿನ್ನ ಕೋಚ್‌ನ ಇದನ್ನು ಕೇಳು, ಅದನ್ನು ಕೇಳು. ಕಲ್ವರ್ ಸಿಟಿಯಲ್ಲಿ ಮಾರಿಸೋಲ್ ಅಂತ ಒಬ್ಬಳು, ಅವಳಿ ಮಕ್ಕಳ ತಾಯಿ. ಅವಳ ಹಿಮ್ಮಡಿ ನೋವನ್ನು ನನ್ನದು ಅಂತ ತಂದು ನಿಮ್ಮ ಮುಂದೆ ಇಟ್ಟೆ. "ಪಾದದ ಕೆಳಗ ಲಟ್ಟಣಿಗಿ ಇಟ್ಟು ಉರುಳ್ಸು," ಅಂದಿರಿ. ಎರಡು ಹೆಜ್ಜೆ ಹೋಗಿ ತಿರುಗಿ, "ಆಮ್ಯಾಲ ತೊಳದ ಇಡು ಮತ್ತ, ಚಪಾತಿ ಲಟ್ಟಸೂದೈತಿ." ಅದನ್ನೂ ಬಿಡದೆ ಇಂಗ್ಲಿಷಿನಲ್ಲಿ ಬರೆದೆ.

ನೀವು ಒಂದು ದಿನ ನನ್ನನ್ನು ಎದುರಿಗೆ ಕೂರಿಸಿಕೊಂಡು ಕೇಳಿದಿರಿ, "ನಿನ್ನೆ ಮೊಣಕಾಲು, ಮೊನ್ನೆ ಹಿಮ್ಮಡಿ, ಇವತ್ತ ಸೊಂಟಾ. ನಿನ್ನ ಮೈಯಾಗ ನೆಟ್ಟಗಿರೂದು ಏನರ ಐತೇನವಾ?" ಆಗಲೇ ಹೇಳಬೇಕಿತ್ತು. ಯಾಕೆ ಹೇಳಲಿಲ್ಲ? ಥ್ರೆಡ್‌ನಲ್ಲಿ ನಿಮ್ಮನ್ನು ಬರೀ ಕೋಚ್ ಅಂದಿದ್ದೆ. ಅತ್ತೆ ಅಂದರೆ, ಧಾರವಾಡ ಅಂದರೆ, ಅವರು ನಗುತ್ತಾರೇನೋ ಅಂತ... ಬರೆಯೋಕೂ ನಾಚಿಕೆಯಾಗುತ್ತಿದೆ. ಅಲ್ಲಿ ನಿಮ್ಮನ್ನು ಮರೆಮಾಚಿದ್ದೆ, ಇಲ್ಲಿ ನಿಮಗೇ ಸುಳ್ಳು ಹೇಳುತ್ತಿದ್ದೆ. ಒಂದನ್ನು ಹೇಳಿದರೆ ಇನ್ನೊಂದೂ ಹೊರಬರುತ್ತಿತ್ತು.

ನಿಮ್ಮ ವೀಸಾದ ಆರು ತಿಂಗಳು ಮುಗಿದ ದಿನ, ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೋಗಿ, ಅಲ್ಲಿಂದ ನೇರ ಲಾಸ್ ಏಂಜಲಿಸ್ ಏರ್‌ಪೋರ್ಟಿಗೆ ಬಂದೆವು. ಚೆಕ್-ಇನ್ ಸಾಲಿನಲ್ಲಿ ನೀವು ಪ್ರಸನ್ನನ ತೋಳು ಹಿಡಿದು, "ಅಕಿ ಓಟಾ ಬಿಡಸು. ಮೈ ತಡಿಯಾಂಗಿಲ್ಲ. ನಾ ಇದ್ದಾಗ ನೋಡ್ಕೊಂಡೆ, ಇನ್ನ ಯಾರು ನೋಡ್ತಾರ?" ಅಂದಿರಿ. ನಿಮ್ಮ ಕಣ್ಣಲ್ಲಿ ನೀರಿತ್ತು. ನನ್ನನ್ನು ಓಡಿಸಿದ್ದು ನೀವೇ, ಈಗ ನಿಲ್ಲಿಸುವುದೂ ನೀವೇ, ಅದೂ ನನ್ನ ಸುಳ್ಳಿನಿಂದ. "ಅತ್ತೆ, ಅದು..." ಅಂದೆ. ಸಾಲು ಮುಂದೆ ಸರಿಯಿತು.

ಮರುದಿನ ಬೆಳಗ್ಗೆ ಶೂ ಹಾಕಿಕೊಳ್ಳುತ್ತಿದ್ದರೆ ಪ್ರಸನ್ನ ಮೆತ್ತಗೆ, "ಬ್ಯಾಡ, ಅವ್ವ ಹೇಳ್ಯಾಳ" ಅಂದರು. ಜಗಳವಾಡೋಕಾದರೂ ಏನಿತ್ತು? ಶೂ ಬಿಚ್ಚಿಟ್ಟೆ. ಭಾನುವಾರದ ಫೋನಿನಲ್ಲಿ ನೀವು "ಕಾಲು ಹ್ಯಾಂಗೈತಿ?" ಅನ್ನುತ್ತಿದ್ದಿರಿ, ನಾನು "ಚೆನ್ನಾಗಿದೆ ಅತ್ತೆ" ಅನ್ನುತ್ತಿದ್ದೆ. ಮುಂದಿನ ವಾರ ಹೇಳೋಣ ಅಂದುಕೊಳ್ಳುತ್ತಾ ನಾಲ್ಕು ತಿಂಗಳು ಕಳೆಯಿತು. ಆಮೇಲೆ ಒಂದು ದಿನ ನಿಮ್ಮ ಎದೆನೋವಿನ ಸುದ್ದಿ ಬಂತು. ಅದರ ಹಿಂದೆಯೇ ಇನ್ನೊಂದು ಫೋನ್. ಪ್ರಸನ್ನನಿಗೆ ನಿಮ್ಮ ಆ ಮಾತು ಈಗ ಅವ್ವನ ಕೊನೆಯ ಅಪ್ಪಣೆ. ಅದನ್ನು ಯಾರು ಮುರಿಯುತ್ತಾರೆ ಹೇಳಿ?

ನಿಮ್ಮ ತಿಂಗಳ ಕಾರ್ಯ ಮುಗಿಸಿ ಪ್ರಸನ್ನ ಧಾರವಾಡದಿಂದ ವಾಪಸ್ ಬಂದ ವಾರ, ಶನಿವಾರ ಮಧ್ಯಾಹ್ನ, ಅವರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಆ ಥ್ರೆಡ್ ತೆರೆದೆ. "ಬೈಯೋದಾದರೆ ಪೂರ್ತಿ ಓದಿ ಬೈ" ಅಂದೆ. ಓದಿದರು. ಪುಟದ ಮೇಲೆ ಪುಟ. ಲಟ್ಟಣಿಗೆಯ ಹತ್ತಿರ ಬಂದಾಗ ಕೈ ನಿಂತಿತು. "ಇದು ಅವ್ವನ ಮಾತು."

"ಹೌದು."

"ಹಿಮ್ಮಡಿ ಬ್ಯಾನಿ ಯಾರದು?"

"ಕಲ್ವರ್ ಸಿಟಿ ಮಾರಿಸೋಲ್‌ದು."

"ಮೊಣಕಾಲು?"

"ಪಾಸಡೀನಾದಲ್ಲಿ ಒಬ್ಬಳಿದ್ದಾಳೆ, ಅವಳದು."

"ಸೊಂಟಾ?"

"ಇರ್ವೈನ್."

"ಮತ್ತ ನಿಂದ್ಯಾವ್ದು?"

"ನಂದು ಯಾವುದೂ ಇಲ್ಲ, ಪ್ರಸನ್ನ."

ಸಿಟ್ಟು ಬರುತ್ತೆ ಅಂದುಕೊಂಡಿದ್ದೆ, ಬಂತು. "ಅವ್ವ ಅಲ್ಲಿ ಹೋಗಿನೂ ನಿನ್ನ ಕಾಲಿನ ಚಿಂತಿನ ಮಾಡ್ತಿದ್ಳು" ಅಂದರು. ಆಮೇಲೆ ಮತ್ತೆ ಮೊದಲಿಂದ ಓದೋಕೆ ಶುರುಮಾಡಿದರು. ನಿಮ್ಮ ಒಂದೊಂದು ಮಾತಿನ ಇಂಗ್ಲಿಷನ್ನು ಮತ್ತೆ ನಿಮ್ಮ ಕನ್ನಡಕ್ಕೆ ತಿರುಗಿಸಿ, ನಿಮ್ಮದೇ ಧಾಟಿಯಲ್ಲಿ ಗಟ್ಟಿಯಾಗಿ ಹೇಳಿ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ಅನಘಾ ಓಡಿ ಬಂದು, "ಅಜ್ಜಿ ಈಸ್ ಆನ್ ದ ಫೋನ್?" ಅಂತ ಕೇಳಿದಳು. ಕೊನೆಗೆ ಅವರು, "ಈ ಹೆಣ್ಮಕ್ಳಿಗೆ ಗೊತ್ತೈತೇನು, ಅವ್ವ ಯಾರು ಅಂತ?" ಅಂದರು. ಇಲ್ಲ ಅಂದೆ. "ಮೊದ್ಲ ಅದನ್ನ ಬರಿ."

ಬರೆದೆ, ಅತ್ತೆ. ನನ್ನ ಕೋಚ್ ನನ್ನ ಗಂಡನ ತಾಯಿ, ಮೂವತ್ತು ವರ್ಷ ಹುಡುಗಿಯರನ್ನು ಓಡಿಸಿದವರು, ಈಗ ಇಲ್ಲ. ಅವರ ಪ್ರಶ್ನೆಗಳನ್ನೆಲ್ಲ ನನ್ನ ನೋವು ಅಂತ ಹೇಳಿ ನಿಮ್ಮನ್ನು ಕೇಳುತ್ತಿದ್ದೆ ಅಂತಲೂ ಬರೆದೆ. ಯಾರೂ ನಗಲಿಲ್ಲ. ಮರುದಿನ ಬೆಳಗ್ಗೆ ನಾನು ಮತ್ತೆ ಶೂ ಹಾಕಿಕೊಂಡಾಗ ಪ್ರಸನ್ನ ತಡೆಯಲಿಲ್ಲ. ಹೋದ ತಿಂಗಳು ಡೆಲ್ ಮಾರ್ ಸಮುದ್ರದ ದಂಡೆಯಲ್ಲಿ ಹನ್ನೊಂದು ಜನ ಸೇರಿದೆವು, ಕೂಸುಗಳನ್ನು ತಳ್ಳುವ ಸ್ಟ್ರೋಲರ್‌ಗಳ ಸಾಲೇ ಸಾಲು. ಬೆಂಚಿನ ಮೇಲೆ ಕೂತ ನಿಮ್ಮ ಫೋಟೋ ಕೈಯಿಂದ ಕೈಗೆ ಹೋಯಿತು. ಮಾರಿಸೋಲ್ ತುಂಬಾ ಹೊತ್ತು ನೋಡಿ, "ನಮ್ಮಮ್ಮನ ಟೋರ್ಟಿಯಾ ರೊಟ್ಟಿಯ ಲಟ್ಟಣಿಗೆಯಲ್ಲಿ ದಿನಾ ಪಾದ ಉರುಳಿಸಿದೆ. ತೊಳೆದು ಇಟ್ಟೆ ಅಂತ ಅವರಿಗೆ ಹೇಳಬೇಕಿತ್ತು" ಅಂದಳು. ಎಲ್ಲರೂ ನಕ್ಕರು. ಹನ್ನೊಂದು ಜನ, ಅತ್ತೆ! ನಿವೃತ್ತಿಯಾದ ಮೇಲೆ, ಭಾಷೆ ಬರದ ಊರಿನಲ್ಲಿ, ಒಂದು ಬೆಂಚಿನ ಮೇಲೆ ಕೂತು ನೀವು ಓಡಿಸಿದವರು.

ಇನ್ನು ಇವತ್ತಿನ ಸುದ್ದಿ. ಪ್ರಸನ್ನನ ಆಫೀಸಿಗೆ ಹೊಸ ಮ್ಯಾನೇಜರ್ ಬಂದಿದ್ದಾನೆ. ದಿನಾ ಬೆಳಗ್ಗೆ ಆರೂವರೆಗೆ ಒಂದು ಕಾಲ್ ಇಡೋಣ ಅಂತ ಅವನ ಆಸೆ. ನಾನು ಬಾಗಿಲಲ್ಲಿ ಲೇಸ್ ಕಟ್ಟುತ್ತಿದ್ದೆ, ಅವರು ನಿಹಾಲ್‌ನ ಸೊಂಟದ ಮೇಲೆ ಕೂರಿಸಿಕೊಂಡು ಫೋನಿನಲ್ಲಿದ್ದರು. ಮಕ್ಕಳ ನೆಪ ಹೇಳಲಿಲ್ಲ, ಟ್ರಾಫಿಕ್ಕಿನ ನೆಪ ಹೇಳಲಿಲ್ಲ. ಆ ಹೊತ್ತಿಗೆ ಆಗುವುದಿಲ್ಲ, ಆಗ ನನ್ನ ಹೆಂಡತಿ ಓಡುತ್ತಾಳೆ ಅಂತ ನೇರ ಇಂಗ್ಲಿಷಿನಲ್ಲಿ ಹೇಳಿದರು, ಅಷ್ಟೇ. ನಾನು ಲೇಸ್ ಹಿಡಿದುಕೊಂಡು ಹಾಗೇ ಕೂತುಬಿಟ್ಟೆ. ಫೋನ್ ಇಟ್ಟು ನನ್ನ ಕಡೆ ತಿರುಗಿದರು.

"ಏನ್ ಕೇಳ್ಕೋತ ಕುಂತಿ? ಹೋಗು, ಟೈಮ್ ಹೊಂಟೈತಿ."

ಹೋದೆ, ಅತ್ತೆ.

ನಿಮ್ಮ ಸೊಸೆ,
ರಶ್ಮಿ